ಹಾಡಿನ ಹಿಂದೆ ನಿಂತವರು: ಬೆಂಗಳೂರಿನ ಬಿದ್ದು ಮತ್ತು ಸೋಲ್, ಫಂಕ್ ಸಂಗೀತ

ಒಬ್ಬ ಸಂಗೀತಗಾರನ ಬದುಕನ್ನೂ ಸಂಗೀತವನ್ನೂ ಅಭ್ಯಾಸ ಮಾಡುವುದು ಎಂದರೇನು? ಹುಟ್ಟಿದ ಊರು, ಪಡೆದ ಪ್ರಶಸ್ತಿ, ತೀರಿಕೊಂಡ ದಿನ ಇಷ್ಟನ್ನು ಬರೆದಿಟ್ಟುಕೊಂಡರೆ ಪರೀಕ್ಷೆಗೆ ಸಾಕಾಗಬಹುದು, ಸಂಗೀತಕ್ಕೆ ಸಾಲದು. ಹಾಡು ಕೇಳಿದ ತಕ್ಷಣ ನಮ್ಮ ಗಮನ ಹೋಗುವುದು ಗಾಯಕರ ಕಂಠದ ಕಡೆಗೆ. ಆ ಕಂಠದ ಕೆಳಗೆ ತಾಳ ಹಾಕಿದವರು ಯಾರು, ವಾದ್ಯಗಳನ್ನು ಹೊಂದಿಸಿದವರು ಯಾರು ಎಂದು ಕೇಳುವ ಅಭ್ಯಾಸ ನಮಗೆ ಕಡಿಮೆ. ಸೋಲ್ ಮತ್ತು ಫಂಕ್ ಎಂಬ ಅಮೆರಿಕದ ಕಪ್ಪು ಜನರ ಸಂಗೀತವನ್ನು ತಿಳಿಯಬೇಕಾದರೆ ಈ ಪ್ರಶ್ನೆಯಿಂದಲೇ ಹೊರಡಬೇಕು. ಅದಕ್ಕೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಒಬ್ಬರು ಒಳ್ಳೆಯ ಉದಾಹರಣೆಯಾಗಿ ಸಿಗುತ್ತಾರೆ. ಅವರೇ ಬಿದ್ದು, ಪೂರ್ತಿ ಹೆಸರು ಬಿದ್ದು ಅಪ್ಪಯ್ಯ. ಹೆಸರು ಓದಿ ನಗಬೇಡಿ. ಕೊಡಗಿನ ಕಡೆ ಬಿದ್ದಪ್ಪ ಎಂಬ ಹೆಸರು ಸಾಮಾನ್ಯ. ಇವರ ಮನೆತನವೂ ಕೊಡವರದೇ.

1974ರಲ್ಲಿ ಲಂಡನ್ನಿನಲ್ಲಿ ನಡೆದ ಒಂದು ಧ್ವನಿಮುದ್ರಣವನ್ನು ನೋಡೋಣ. ನಿರ್ಮಾಪಕ ಬಿದ್ದು, ಗಾಯಕ ಜಮೈಕಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದಿದ್ದ ಕಾರ್ಲ್ ಡಗ್ಲಸ್. ಕೊಠಡಿ ಗೊತ್ತಾಗಿದ್ದದ್ದು ಮೂರು ಗಂಟೆಗೆ. ಆ ಕಾಲದ ಚಿಕ್ಕ ಗ್ರಾಮಫೋನ್ ತಟ್ಟೆಗೆ ಎರಡು ಮುಖ. ಮೊದಲ ಮುಖದಲ್ಲಿ ಗೆಲ್ಲಬೇಕಾದ ಹಾಡು, ಹಿಂಬದಿಯಲ್ಲಿ ಜಾಗ ತುಂಬಲು ಇನ್ನೊಂದು. ಸಮಯವೆಲ್ಲ ಮೊದಲ ಹಾಡಿಗೇ ಖರ್ಚಾಯಿತು. ಹಿಂಬದಿಗೆ ಏನಿದೆ ಎಂದು ಬಿದ್ದು ಕೇಳಿದಾಗ ಡಗ್ಲಸ್ ತಾನು ಬರೆದಿದ್ದ ಕೆಲವು ಸಾಹಿತ್ಯಗಳನ್ನು ತೋರಿಸಿದರು. ಅದರಲ್ಲೊಂದನ್ನು ಆರಿಸಿ, ಅಲ್ಲೇ ರಾಗ ಹಾಕಿ, ಉಳಿದಿದ್ದ ಹತ್ತು ನಿಮಿಷದಲ್ಲಿ ಎರಡೇ ಸಲ ಹಾಡಿಸಿ ಮುಗಿಸಿದರು. ಅದು 'ಕುಂಗ್ ಫೂ ಫೈಟಿಂಗ್'. ರೆಕಾರ್ಡ್ ಕಂಪನಿಯವರು ಎರಡನ್ನೂ ಕೇಳಿ ಹಿಂಬದಿಯ ಹಾಡನ್ನೇ ಮುಂದಕ್ಕೆ ತಂದರು. ಅದೇ ವರ್ಷ ಅದು ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಮೊದಲ ಸ್ಥಾನಕ್ಕೆ ಏರಿತು. ಲಕ್ಷಗಟ್ಟಲೆ ಪ್ರತಿಗಳು ಮಾರಾಟವಾದವು. ಬ್ರೂಸ್ ಲೀ ಸಿನಿಮಾಗಳ ಹುಚ್ಚು ಹಿಡಿದಿದ್ದ ಕಾಲ ಅದು, ಅದೃಷ್ಟವೂ ಇತ್ತು. ಆದರೆ ಹತ್ತು ನಿಮಿಷದಲ್ಲಿ ಹಾಡು ಹುಟ್ಟಬೇಕಾದರೆ ಅದರ ಹಿಂದೆ ಹದಿನೈದು ವರ್ಷಗಳ ಕೇಳ್ಮೆ ಇರಬೇಕಷ್ಟೆ.

ಆ ಕೇಳ್ಮೆ ಯಾವುದು ಎಂಬುದನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕು. ಸೋಲ್ ಎಂದರೆ ಆತ್ಮ. ಕಪ್ಪು ಜನರ ಚರ್ಚುಗಳಲ್ಲಿ ದೇವರನ್ನು ಕೂಗಿ ಕರೆಯುವ ಗಾಯನ ಒಂದು ಬಗೆಯದು: ಒಬ್ಬರು ಎತ್ತಿಕೊಡುತ್ತಾರೆ, ಸಭೆಯೆಲ್ಲ ಉತ್ತರ ಕೊಡುತ್ತದೆ. ನಮ್ಮ ಭಜನೆಯ ಗೋಷ್ಠಿಯಲ್ಲಿ ಕೂತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆ ದನಿಯನ್ನು ದೇವರಿಂದ ಪ್ರೇಮದ ಕಡೆಗೆ ತಿರುಗಿಸಿದಾಗ ಸೋಲ್ ಹುಟ್ಟಿತು. ಅದನ್ನು ಇನ್ನೊಂದು ದಿಕ್ಕಿಗೆ ಎಳೆದವರು ಜೇಮ್ಸ್ ಬ್ರೌನ್. 1933ರಲ್ಲಿ ದಕ್ಷಿಣ ಕೆರೊಲಿನಾದ ಕಡುಬಡತನದಲ್ಲಿ ಹುಟ್ಟಿ, ಅತ್ತೆಯ ಮನೆಯಲ್ಲಿ ಬೆಳೆದು, ಹದಿಹರೆಯದಲ್ಲೇ ಕಳ್ಳತನಕ್ಕಾಗಿ ಜೈಲು ಸೇರಿದ ಹುಡುಗ. ಹೊರಗೆ ಬಂದ ಮೇಲೆ ಬಾಬಿ ಬರ್ಡ್ ಎಂಬ ಗೆಳೆಯನ ಹಾಡುಗಾರರ ತಂಡ ಸೇರಿ, 1956ರಲ್ಲಿ ಮೊದಲ ಯಶಸ್ಸು ಕಂಡರು. 1962ರಲ್ಲಿ ನ್ಯೂಯಾರ್ಕಿನ ಅಪೊಲೊ ರಂಗಮಂದಿರದ ಕಛೇರಿಯನ್ನು ಮುದ್ರಿಸಿಕೊಳ್ಳಬೇಕೆಂದಾಗ ಕಂಪನಿಯ ಮಾಲೀಕ ಹಣ ಹಾಕಲು ಒಪ್ಪಲಿಲ್ಲ. ಬ್ರೌನ್ ಸ್ವಂತ ದುಡ್ಡು ಹಾಕಿದರು. ಮರುವರ್ಷ ಹೊರಬಂದ ಆ ರೆಕಾರ್ಡು ಇಂದಿಗೂ ಕಛೇರಿ ಮುದ್ರಣಗಳಿಗೆ ಮಾದರಿಯಾಗಿ ಉಳಿದಿದೆ.

ಟೆಲಿವಿಷನ್ ನೋಡುವ ನಿಮಗೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಯಿತು. ಅಮೆರಿಕದ ನಗರಗಳು ಹೊತ್ತಿ ಉರಿದವು. ಮರುದಿನ ಬೋಸ್ಟನ್ನಿನಲ್ಲಿ ಬ್ರೌನ್ ಅವರ ಕಛೇರಿ ಇತ್ತು. ರದ್ದು ಮಾಡಿದರೆ ಜನ ಬೀದಿಗಿಳಿಯುತ್ತಾರೆ ಎಂದು ಅಂಜಿದ ನಗರಾಡಳಿತ, ಕಛೇರಿಯನ್ನು ಟೆಲಿವಿಷನ್ನಿನಲ್ಲಿ ನೇರವಾಗಿ ತೋರಿಸುವ ಏರ್ಪಾಡು ಮಾಡಿತು. ಜನ ಮನೆಯಲ್ಲೇ ಕೂತು ನೋಡಿದರು. ಬೇರೆ ನಗರಗಳಿಗೆ ಹೋಲಿಸಿದರೆ ಬೋಸ್ಟನ್ ಆ ರಾತ್ರಿ ಶಾಂತವಾಗಿತ್ತು. ಅದೇ ವರ್ಷ ತಾನು ಕಪ್ಪು, ಅದು ತನಗೆ ಹೆಮ್ಮೆ ಎಂದು ಸಾರುವ ಹಾಡನ್ನೂ ಅವರು ತಂದರು.

ಈಗ ಸಂಗೀತಕ್ಕೆ ಬರೋಣ. ಪುಟದ ಮೇಲೆ ಹಾಡು ಕೇಳಿಸಲಾಗದು. ಆದ್ದರಿಂದ ನಿಮ್ಮ ಕೈಗಳನ್ನೇ ಬಳಸಿ. ಒಂದು, ಎರಡು, ಮೂರು, ನಾಲ್ಕು ಎಂದು ಸಮನಾಗಿ ಎಣಿಸುತ್ತ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ಹಾಕಿ. ರಾಕ್ ಹಾಡುಗಳ, ಹೆಚ್ಚಿನ ಸೋಲ್ ಹಾಡುಗಳ ನಡೆ ಇದು. ಇನ್ನೊಮ್ಮೆ ಎಣಿಸಿ, ಈ ಸಲ ಒಂದರ ಮೇಲೆ ಮೈಭಾರವನ್ನೆಲ್ಲ ಹಾಕಿ, ಉಳಿದ ಮೂರರ ನಡುವಿನ ಸಂದುಗಳಲ್ಲಿ ಬೆರಳಿನಿಂದ ಸಣ್ಣ ಸಣ್ಣ ತಟ್ಟುಗಳನ್ನು ತುಂಬಿಸಿ. 1965ರಿಂದ 1967ರ ಹೊತ್ತಿಗೆ ಬ್ರೌನ್ ಮಾಡಿದ ಬದಲಾವಣೆ ಮುಖ್ಯವಾಗಿ ಇಷ್ಟೇ. ಇದಕ್ಕೆ ಫಂಕ್ ಎಂಬ ಹೆಸರು ನಿಂತಿತು. ಮೂಲದಲ್ಲಿ ಅದು ಬೆವರಿನಂಥ ಗಾಢ ವಾಸನೆಗೆ ಆಡುಮಾತಿನಲ್ಲಿದ್ದ ಪದ. ಗಿಟಾರ್, ತುತ್ತೂರಿ, ಸ್ಯಾಕ್ಸೊಫೋನ್ ಎಲ್ಲವೂ ರಾಗ ನುಡಿಸುವುದನ್ನು ಬಿಟ್ಟು ಚರ್ಮವಾದ್ಯದಂತೆ ತುಂಡು ತುಂಡಾಗಿ ಬಡಿಯತೊಡಗಿದವು. ಪಾಶ್ಚಾತ್ಯ ಹಾಡಿನಲ್ಲಿ ಸ್ವರಮೇಳಗಳು ಸಾಲಾಗಿ ಬದಲಾಗುತ್ತ ಹೋಗುವುದು ವಾಡಿಕೆ. ಇಲ್ಲಿ ಬಹಳ ಹೊತ್ತು ಒಂದೇ ಮೇಳದ ಮೇಲೆ ನಿಂತುಬಿಡುತ್ತಾರೆ. ಅಲ್ಲಿಯ ವಿಮರ್ಶಕರಿಗೆ ಇದು ಹೊಸತು. ತಂಬೂರಿಯ ಶ್ರುತಿಯ ಮೇಲೆ ಗಂಟೆಗಟ್ಟಲೆ ಹಾಡು ಕೇಳುವ ನಮಗೆ ಇದರಲ್ಲಿ ಬೆರಗಾಗುವಂಥದ್ದು ಕಡಿಮೆ.

ತಾಳದ ವಿಷಯದಲ್ಲೂ ನಮಗೆ ಒಂದು ಅನುಕೂಲವಿದೆ. ತನಿ ಆವರ್ತನದಲ್ಲಿ ಮೃದಂಗದವರು ಎಲ್ಲೆಲ್ಲೋ ಅಲೆದು ಸಮಕ್ಕೆ ಬಂದು ಬಿದ್ದಾಗ ಸಭೆ ಏಕೆ ತಲೆದೂಗುತ್ತದೆ? ಬ್ರೌನ್ ಅವರ ಒಂದನೆಯ ಎಣಿಕೆಯಲ್ಲಿ ಇರುವುದೂ ಅಂಥದೇ ಸುಖ. ವ್ಯತ್ಯಾಸವೇನೆಂದರೆ ನಮ್ಮಲ್ಲಿ ಸಮ ಬಹಳ ದೂರದ ಮೇಲೆ ಸಿಗುವ ಮನೆ, ಅವರಲ್ಲಿ ನಾಲ್ಕು ಹೆಜ್ಜೆಗೊಮ್ಮೆ ಸಿಗುವ ಹೊಸ್ತಿಲು. ದೊಡ್ಡನೆಕ್ಕುಂದಿಯಲ್ಲಿ ಓದುತ್ತಿರುವವರಿಗೆ ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ, ನಮ್ಮ ಊರಹಬ್ಬಗಳ ತಮಟೆಯನ್ನು ನೆನೆಯಬಹುದು. ವರ್ತುಲ ರಸ್ತೆಯ ಗಾಜಿನ ಕಚೇರಿಗಳು ಬರುವ ಮೊದಲೂ ಬಂದ ಮೇಲೂ ಈ ಭಾಗದ ಹಳ್ಳಿಗಳ ಮೆರವಣಿಗೆಗೆ ಕಾಲು ಕೊಡುವುದು ಅದೇ. ದಪ್ಪ ಕಡ್ಡಿಯ ಪೆಟ್ಟು ನೆಲ ಹಿಡಿದರೆ, ಸಣ್ಣ ಕಡ್ಡಿ ಸಂದು ತುಂಬುತ್ತದೆ. ಹಾಡು ಇಲ್ಲದೆಯೂ ಜನ ಕುಣಿಯುತ್ತಾರೆ.

ಬಿದ್ದು ಹುಟ್ಟಿದ್ದು 1940ರ ದಶಕದ ನಡುವಿನಲ್ಲಿ. ಹುಡುಗನಾಗಿ ರೇಡಿಯೋ ಸಿಲೋನಿನಲ್ಲಿ ಬರುತ್ತಿದ್ದ ಪಾಶ್ಚಾತ್ಯ ಹಾಡುಗಳೇ ಅವರ ಪಾಠಶಾಲೆ. ಗೆಳೆಯರೊಂದಿಗೆ ಟ್ರೋಜನ್ಸ್ ಎಂಬ ವಾದ್ಯತಂಡ ಕಟ್ಟಿ ಬೆಂಗಳೂರಿನಲ್ಲೂ, ಮುಂದೆ ಕಲ್ಕತ್ತ, ಬೊಂಬಾಯಿಗಳಲ್ಲೂ ಹಾಡಿದರು. ಗೆಳೆಯರು ಬಿಟ್ಟುಹೋದ ಮೇಲೆ ಒಬ್ಬರೇ ಗಿಟಾರ್ ಹಿಡಿದು ಮುಂದುವರಿದರು. 1960ರ ದಶಕದ ಕೊನೆಯಲ್ಲಿ ಪಶ್ಚಿಮ ಏಷ್ಯಾದ ಮೂಲಕ ಇಂಗ್ಲೆಂಡ್ ಸೇರಿ, ಸಣ್ಣಪುಟ್ಟ ಕೆಲಸ ಮಾಡಿ, ಉಳಿಸಿದ ಹಣದಲ್ಲಿ ಧ್ವನಿಮುದ್ರಣದ ಕೊಠಡಿ ಬಾಡಿಗೆ ಹಿಡಿದರು. ಹೇಳಿಕೇಳಿ ಹೊರನಾಡಿನವರು, ವೇದಿಕೆಯ ಮೇಲೆ ನಿಲ್ಲುವ ಆಸೆಗಿಂತ ಗಾಜಿನ ಆಚೆ ಕೂತು ಹಾಡು ಕಟ್ಟುವ ಕೆಲಸ ಅವರ ಕೈ ಹಿಡಿಯಿತು. 1969ರಲ್ಲಿ ಟೈಗರ್ಸ್ ಎಂಬ ಜಪಾನಿನ ತಂಡಕ್ಕೆ ಅವರು ನಿರ್ಮಿಸಿದ ಹಾಡು ಜಪಾನಿನಲ್ಲಿ ಗೆದ್ದಿತು. ಕುಂಗ್ ಫೂ ಹಾಡಿನ ನಂತರ 1976ರಲ್ಲಿ ಟೀನಾ ಚಾರ್ಲ್ಸ್ ಹಾಡಿದ ಅವರ ರೆಕಾರ್ಡು ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಬಂತು. ಅದೇ ವರ್ಷ ಜಮೈಕಾದ ಸೋಲ್ ಗಾಯಕ ಜಿಮ್ಮಿ ಜೇಮ್ಸ್ ಅವರೊಂದಿಗೂ ಎರಡು ಹಾಡು ಗೆಲ್ಲಿಸಿದರು. ಚರ್ಚಿನ ಕೂಗು ಕಂಠದಲ್ಲಿ, ಫಂಕ್‌ನ ಬೇಸ್ ಗಿಟಾರ್ ಕೆಳಗೆ, ಮೇಲೆ ಪಿಟೀಲುಗಳ ದೊಡ್ಡ ಗುಂಪು: ಇದು ಬಿದ್ದು ಅವರ ಅಡುಗೆ. ಇದಕ್ಕೆ ಡಿಸ್ಕೊ ಎಂಬ ಹೆಸರಾಯಿತು. ಡಿಸ್ಕೊದ ನಡೆ ಫಂಕ್‌ಗಿಂತ ಸರಳ. ದೊಡ್ಡ ಡ್ರಮ್ಮು ನಾಲ್ಕು ಎಣಿಕೆಗೂ ಸಮನಾಗಿ ಬಡಿಯುತ್ತದೆ. ಕುಣಿಯಲು ಬಾರದವನ ಕಾಲನ್ನೂ ಅದು ಬಿಡದು. ಫಂಕ್‌ನ ಸೂಕ್ಷ್ಮ ಇದರಲ್ಲಿ ಕರಗಿತು ಎಂದು ದೂರುವವರಿದ್ದಾರೆ. ಆ ದೂರಿನಲ್ಲಿ ಸತ್ಯಾಂಶವಿದೆ ಎಂದೇ ನನಗೂ ಅನಿಸುತ್ತದೆ.

1979ರಲ್ಲಿ ಷಿಕಾಗೊ ನಗರದ ಆಟದ ಮೈದಾನವೊಂದರಲ್ಲಿ ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸ್ಫೋಟಿಸಿದರು. ಅಲ್ಲಿ ಅದರ ಕಾಲ ಮುಗಿಯುತ್ತ ಬಂದಾಗ ಇಲ್ಲಿ ಬಾಗಿಲು ತೆರೆಯಿತು. 1980ರ ಹಿಂದಿ ಚಿತ್ರ 'ಕುರ್ಬಾನಿ'ಗೆ ಬಿದ್ದು ಒಂದೇ ಒಂದು ಹಾಡು ಕೊಟ್ಟರು. ಉಳಿದವು ಕಲ್ಯಾಣ್‌ಜಿ ಆನಂದ್‌ಜಿ ಅವರವು. ಹಾಡಿದಾಕೆ ಕರಾಚಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿದ್ದ ನಾಜಿಯಾ ಹಸನ್, ಇನ್ನೂ ಶಾಲೆಯ ಹುಡುಗಿ. ನಮ್ಮ ಚಿತ್ರರಂಗದಲ್ಲಿ ಆಗ ಗಾಯಕರೂ ವಾದ್ಯದವರೂ ಒಟ್ಟಿಗೆ ಕೂತು ಒಂದೇ ಉಸಿರಿನಲ್ಲಿ ಮುದ್ರಿಸುವುದು ರೂಢಿ. ಈ ಹಾಡನ್ನು ಲಂಡನ್ನಿನಲ್ಲಿ ಬಹುಪಥ ಮುದ್ರಣದಲ್ಲಿ, ಅಂದರೆ ಡ್ರಮ್ಮು, ಬೇಸ್, ಗಿಟಾರ್, ಕಂಠ ಇವಕ್ಕೆ ಬೇರೆ ಬೇರೆ ಪಥ ಕೊಟ್ಟು, ಆಮೇಲೆ ಅಳತೆ ನೋಡಿ ಬೆರೆಸಿ ಮಾಡಲಾಯಿತು. ಆದ್ದರಿಂದಲೇ ತಳದ ಪೆಟ್ಟು ಅಷ್ಟು ಬಿಡಿಸಿ ಕೇಳುತ್ತಿತ್ತು. ಮರುವರ್ಷ ಬಂದ 'ಡಿಸ್ಕೊ ದೀವಾನೆ' ಧ್ವನಿಸುರುಳಿಗೆ ಸಿನಿಮಾದ ಆಸರೆಯೂ ಬೇಕಾಗಲಿಲ್ಲ. ಕನ್ನಡದಲ್ಲೂ ಆ ಗಾಳಿ ಬೀಸಿತು. 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಚಿತ್ರಕ್ಕೆ ಇಳಯರಾಜ ಕೊಟ್ಟ 'ಸಂತೋಷಕ್ಕೆ' ಹಾಡು ಇಂದಿಗೂ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ಒಂದು ಕ್ಷಣ ಬದಿಗಿಟ್ಟು ಅದರ ಡ್ರಮ್ಸ್, ಬೇಸ್ ಗಿಟಾರ್ ಮಾತ್ರ ಕೇಳಿ ನೋಡಿ.

ಆರಂಭದ ಪ್ರಶ್ನೆಗೆ ಮರಳಿದರೆ, ತಾಳ ಹಾಕಿದವರಿಗೆ ಸಿಕ್ಕಿದ್ದೇನು? ಜೇಮ್ಸ್ ಬ್ರೌನ್ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ಮಿನವರಿದ್ದರು. 1969ರಲ್ಲಿ ಮುದ್ರಿಸಿದ 'ಫಂಕಿ ಡ್ರಮ್ಮರ್' ಎಂಬ ಹಾಡಿನಲ್ಲಿ ಎಲ್ಲರೂ ಸುಮ್ಮನಾಗಿ ಅವರೊಬ್ಬರೇ ಕೆಲವು ಕ್ಷಣ ನುಡಿಸುತ್ತಾರೆ. 1980ರ ದಶಕದಲ್ಲಿ ರ್‍ಯಾಪ್ ಗಾಯಕರು ಆ ತುಣುಕನ್ನು ಯಂತ್ರದಿಂದ ಕತ್ತರಿಸಿ ತಮ್ಮ ಹಾಡುಗಳ ತಳಕ್ಕೆ ಅಂಟಿಸಿಕೊಂಡರು. ಅಂಥ ಹಾಡುಗಳ ಸಂಖ್ಯೆ ನೂರಾರನ್ನು ದಾಟಿತು. ಕಾಗದದ ಮೇಲೆ ರಚನಕಾರರ ಹೆಸರು ಬ್ರೌನ್ ಅವರದು. ರಾಗಕ್ಕೆ, ಸಾಹಿತ್ಯಕ್ಕೆ ಹಕ್ಕು ಕೊಡುವ ಕಾನೂನು ಪೆಟ್ಟಿನ ಕ್ರಮಕ್ಕೆ ಹಕ್ಕು ಕೊಡಲಿಲ್ಲ. 2017ರಲ್ಲಿ ತೀರಿಕೊಂಡ ಸ್ಟಬಲ್‌ಫೀಲ್ಡ್ ಅವರಿಗೆ ಆ ಬಳಕೆಯಿಂದ ಪಾಲೆಂದು ಬಂದದ್ದು ಇಲ್ಲವೆನ್ನುವಷ್ಟು. ತಪ್ಪು ನುಡಿಸಿದ ವಾದ್ಯಗಾರರಿಗೆ ವೇದಿಕೆಯ ಮೇಲೇ ಬೆರಳು ತೋರಿಸಿ ದಂಡ ಹಾಕುತ್ತಿದ್ದ ಬ್ರೌನ್, ತಾನು ಸ್ವತಃ ಅನ್ಯಾಯಗಳ ನಡುವೆ ಬೆಳೆದವರು ಎಂಬುದನ್ನೂ ಮರೆಯಬಾರದು. ಎರಡನ್ನೂ ಒಟ್ಟಿಗೆ ಬರೆಯದಿದ್ದರೆ ಜೀವನಚರಿತ್ರೆ ಅರ್ಧವಾಗುತ್ತದೆ. ಬಿದ್ದು ಅವರ ವಿಷಯದಲ್ಲೂ ಹೀಗೆಯೇ. ಅವರ ಹಾಡುಗಳನ್ನು ಗುನುಗಿದ ಲಕ್ಷಾಂತರ ಜನರಿಗೆ ಅವರ ಹೆಸರು ಗೊತ್ತಿಲ್ಲ. ಅವರು ಬಳಸಿದ ನಡೆ ಮಾತ್ರ ಹೆಸರಿಲ್ಲದ ಎಷ್ಟೋ ಕಪ್ಪು ವಾದ್ಯಗಾರರು ಕಟ್ಟಿಕೊಟ್ಟದ್ದು. ನಮ್ಮ ಊರಹಬ್ಬದ ಕರಪತ್ರದಲ್ಲಿ ಅತಿಥಿಗಳ ಹೆಸರುಗಳು ಸಾಲಾಗಿರುತ್ತವೆ. ತಮಟೆಯವರ ಹೆಸರು ಇರುವುದು ಅಪರೂಪ. 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದದ್ದು ಈ ಹಿನ್ನೆಲೆಯಲ್ಲಿ ದೊಡ್ಡ ಸುದ್ದಿ.

ಅಭ್ಯಾಸ ಮಾಡಬಯಸುವವರು ಒಂದೇ ಹಾಡನ್ನು ಮೂರು ಸಲ ಕೇಳಿ: ಒಮ್ಮೆ ಕಂಠಕ್ಕೆ, ಒಮ್ಮೆ ಬೇಸ್ ಗಿಟಾರಿಗೆ, ಒಮ್ಮೆ ಡ್ರಮ್ಮಿಗೆ. ಫೋನಿನ ಸ್ಪೀಕರಿನಲ್ಲಿ ಬೇಸ್ ಸತ್ತೇಹೋಗಿರುತ್ತದೆ. ಕಿವಿಗೆ ಹಾಕಿಕೊಳ್ಳುವ ಇಯರ್‌ಫೋನ್ ಬೇಕು. ಕೇಳಿದ್ದನ್ನು ಕನ್ನಡದಲ್ಲಿ ಬರೆಯಿರಿ, ಪದ ಸಿಗದಿದ್ದರೆ ತಮಟೆಯವರನ್ನೂ ಮೃದಂಗದವರನ್ನೂ ಕೇಳಿ, ಅವರ ಬಳಿ ಪದಗಳಿವೆ. ಬಿದ್ದು ಅವರು 1995ರಲ್ಲಿ ಅಲಿಷಾ ಚಿನಾಯ್ ಅವರಿಂದ ಹಾಡಿಸಿದ 'ಮೇಡ್ ಇನ್ ಇಂಡಿಯಾ' ಹಾಡಿನ ಹೆಸರನ್ನೇ 2010ರ ತಮ್ಮ ಇಂಗ್ಲಿಷ್ ಆತ್ಮಕಥೆಗೂ ಇಟ್ಟಿದ್ದಾರೆ. ಓದುವಾಗ ಒಂದು ಎಚ್ಚರ: ಹತ್ತು ನಿಮಿಷದ ಆ ಕಥೆಯಂಥವು ಹೇಳುತ್ತ ಹೇಳುತ್ತ ನಯವಾಗುತ್ತವೆ. ಆದ್ದರಿಂದ ಪುಸ್ತಕ ಮುಚ್ಚಿಟ್ಟು ರೆಕಾರ್ಡನ್ನು ಹಾಕಿ, ಅಲ್ಲಿ ಡ್ರಮ್ಮು ಬಾರಿಸುತ್ತಿರುವವರು ಯಾರು ಎಂದು ಹುಡುಕಲು ತೊಡಗಿ.