ನಿಮಗಿದು ಗೊತ್ತೆ? ಲ್ಯಾಟಿನ್ನಿನ ‘ಫೆರೋ’

ಲ್ಯಾಟಿನ್ ಭಾಷೆಯಲ್ಲಿ ‘ಹೊರು’ ಎಂಬರ್ಥದ ಕ್ರಿಯಾಪದವೊಂದು ವರ್ತಮಾನದಲ್ಲಿ ‘ಫೆರೋ’ ಎಂದೂ, ಭೂತದಲ್ಲಿ ‘ತುಲೀ’ ಎಂದೂ, ಕರ್ಮಣಿ ಕೃದಂತದಲ್ಲಿ ‘ಲಾತುಸ್’ ಎಂದೂ ಪರಸ್ಪರ ಗುರುತೇ ಸಿಗದಂತೆ ರೂಪಾಂತರ ಹೊಂದುವುದಕ್ಕೆ ಕಾರಣ, ಎರಡು ಭಿನ್ನ ಪ್ರಾಚೀನ ಧಾತುಗಳು ಅದರಲ್ಲಿ ಒಂದುಗೂಡಿರುವುದೇ ಆಗಿದೆ. ‘ಫೆರೋ’ ಎಂಬುದು ನಮ್ಮ ‘ಭಾರ’, ‘ಭರಿಸು’ಗಳಿಗೆ ಮೂಲವಾದ ಸಂಸ್ಕೃತದ ‘ಭೃ’ ಧಾತುವಿನ ಸೋದರ. ಉಳಿದೆರಡು ‘ತುಲಾ’ ಶಬ್ದದ ಬಂಧುಗಳು, ಆದಿಯ ತಕಾರವು ಲೋಪವಾದುದರಿಂದ ‘ಲಾತುಸ್’ ಅಪರಿಚಿತವೆಂದು ತೋರುವುದಷ್ಟೆ.

ಹೊರೆಯನ್ನು ಹೊರುವುದಲ್ಲದೆ, ದುಃಖವನ್ನು ಸಹಿಸುವುದು, ಭೂಮಿಯು ಫಲವನ್ನೀಯುವುದು, ದಾರಿಯು ಊರಿಗೆ ಒಯ್ಯುವುದು, ರೋಮನ್ನರ ಸಭೆಯಲ್ಲಿ ಶಾಸನವನ್ನು ಮಂಡಿಸುವುದು, ಇವೆಲ್ಲಕ್ಕೂ ಈ ಒಂದೇ ಪದ ಸಲ್ಲುತ್ತಿದ್ದಿತು. ಇವುಗಳಲ್ಲಿ ಅತ್ಯಂತ ರಮಣೀಯವಾದುದು ‘ಫೆರುಂತ್’ ಎಂಬ ಬಹುವಚನ ಪ್ರಯೋಗ: ‘ಹೊರುತ್ತಾರೆ’ ಎಂಬ ಆ ಮಾತಿಗೆ, ಸುದ್ದಿಯನ್ನು ಬಾಯಿಂದ ಬಾಯಿಗೆ ಹೊತ್ತೊಯ್ಯುವ ಜನರನ್ನು ಕುರಿತು ‘ಹೇಳುತ್ತಾರೆ’ ಎಂಬರ್ಥವೂ ಉಂಟು, ನಮ್ಮ ‘ಅಂತೆ’ಯ ಛಾಯೆ ಅದರಲ್ಲಿದೆ.

ಆಜ್ಞಾರ್ಥದಲ್ಲಿ ‘ಫೆರೋ’ ಅಂತ್ಯಸ್ವರವನ್ನೂ ತೊರೆದು ಬರಿಯ ‘ಫೆರ್’ ಆಗುತ್ತದೆ. ಇನ್ನು ಇಂಗ್ಲಿಷಿನಲ್ಲಿ, ನೌಕರರ ‘ಟ್ರಾನ್ಸ್‌ಫರ್’, ಗ್ರಂಥಗಳ ‘ಟ್ರಾನ್ಸ್‌ಲೇಷನ್’ ಎರಡೂ, ‘ಅತ್ತಣಿಂದಿತ್ತ ಒಯ್ಯು’ ಎಂಬರ್ಥದ ‘ತ್ರಾನ್ಸ್‌ಫೆರೋ’ ಎಂಬ ಒಂದೇ ಪದದ ಎರಡು ರೂಪಗಳಿಂದ ಹುಟ್ಟಿದುವು.