ಹಾಸನದ ಸೀಮೆಯಲ್ಲಿ ಹೊಲಿಗೆ ಮತ್ತು ನೇಯ್ಗೆಯ ತರಗತಿಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳಲ್ಲಿ ಬೇಸಾಯವು ವರ್ಷವೆಲ್ಲಾ ಏಕರೀತಿಯಾಗಿ ಕೆಲಸವನ್ನು ಒದಗಿಸುವುದಿಲ್ಲವೆಂಬುದು ಗ್ರಾಮಮುಖಂಡರಿಗೂ ಭೂಮಾಲೀಕರಿಗೂ ತಿಳಿದ ವಿಷಯವೇ ಆಗಿದೆ. ಮುಂಗಾರಿನಲ್ಲಿ ಆಲೂಗೆಡ್ಡೆಯ ಬಿತ್ತನೆ, ಅರಕಲಗೂಡಿನ ಕಡೆ ಹೊಗೆಸೊಪ್ಪಿನ ನಾಟಿ, ಹೇಮಾವತಿಯ ನಾಲೆಗಳ ಕೆಳಗೆ ಬತ್ತದ ನಾಟಿ, ಕಾರ್ತಿಕ ಮಾರ್ಗಶಿರಗಳಲ್ಲಿ ರಾಗಿಯ ಕೊಯ್ಲು, ಇವುಗಳಲ್ಲಿ ಹೆಂಗಸರಿಗೆ ಬಿಡುವೆಂಬುದಿಲ್ಲ. ಒಕ್ಕಣೆ ಮುಗಿದು ಸಂಕ್ರಾಂತಿ ಕಳೆಯಿತೆಂದರೆ, ಮಳೆಯನ್ನೇ ನಂಬಿದ ಮನೆಗಳಲ್ಲಿ ಕೂಲಿ ದೊರೆಯುವುದು ದುರ್ಲಭ. ಹೊಲಿಗೆಯ ತರಗತಿಗೆ ತಕ್ಕ ಕಾಲ ಇದೇ.

ಇಂತಹ ತರಗತಿಗಳು ಹೊಸವೇನೂ ಅಲ್ಲ. 1982ರಲ್ಲಿ ಉಜಿರೆಯಲ್ಲಿ ಸ್ಥಾಪಿತವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಅಲ್ಲಿ ಸುಮಾರು 30 ದಿನಗಳ ಹೊಲಿಗೆಯ ಶಿಕ್ಷಣವನ್ನು ಊಟ ವಸತಿಗಳೊಡನೆ ಉಚಿತವಾಗಿ ಕೊಡುವರು. ಕಲಿತವರನ್ನು ಎರಡು ವರ್ಷಗಳವರೆಗೆ ವಿಚಾರಿಸಿಕೊಳ್ಳುವ ನಿಯಮವೂ ಉಂಟು. ಆದರೂ ಕಲಿತವರೆಲ್ಲರೂ ಕಸಬಿನಲ್ಲಿ ನಿಲ್ಲುವುದಿಲ್ಲ. ಕೊಯ್ಲಿನ ಕಾಲದಲ್ಲಿ ತರಗತಿ ಇಟ್ಟರೆ ಅರ್ಧ ದಿನಗಳು ತಪ್ಪಿಹೋಗುವುವು. ಮುಗಿಸಿ ಬಂದವಳಿಗೆ ಮನೆಯಲ್ಲಿ ಯಂತ್ರವಿಲ್ಲದಿದ್ದರೆ ಪ್ರಮಾಣಪತ್ರವು ಪೆಟ್ಟಿಗೆಯನ್ನು ಸೇರುವುದು.

ಹೊಲಿಗೆಯು ನೋಡಿ ತಿಳಿಯತಕ್ಕ ವಿದ್ಯೆಯಲ್ಲ. ಒಳ್ಳೆಯ ಶಿಕ್ಷಕಿಯು ಮೊದಲ ದಿನಗಳಲ್ಲಿ ಬಟ್ಟೆಯನ್ನೇ ಕೊಡುವುದಿಲ್ಲ. ಸೂಜಿಗೆ ದಾರ ಪೋಣಿಸದೆ, ಗೆರೆ ಎಳೆದ ಕಾಗದದ ಮೇಲೆ ಯಂತ್ರವನ್ನು ನಡೆಸಿ, ತೂತುಗಳು ಗೆರೆಯ ಮೇಲೆಯೇ ಬೀಳುವವರೆಗೆ ಅಭ್ಯಾಸ ಮಾಡಿಸುವಳು. ಕಾಲಿನ ತುಳಿತ ತಪ್ಪಿ ಗಾಲಿ ಹಿಂದಕ್ಕೆ ತಿರುಗಿದರೆ ದಾರ ಕಡಿಯುವುದಾದ್ದರಿಂದ ಕೈಗೂ ಕಾಲಿಗೂ ಮೊದಲು ಹೊಂದಾಣಿಕೆಯಾಗಬೇಕು. ಬಳಿಕ ಹಳೆಯ ವೃತ್ತಪತ್ರಿಕೆಗಳಲ್ಲಿ ಅಳತೆಯಂತೆ ಕತ್ತರಿಸುವುದು, ಆಮೇಲೆ ಚೀಲ, ದಿಂಬಿನ ಗವಸು, ಲಂಗ, ಕಟ್ಟಕಡೆಗೆ ರವಿಕೆ. ಕಂಕುಳಿನ ಸುತ್ತಿನಲ್ಲಿ ಅರ್ಧ ಅಂಗುಲ ತಪ್ಪಿದರೂ ರವಿಕೆ ಮೈಗೆ ಕೂರದು. ಕೆಲವು ಗಜ ಬಟ್ಟೆ ಕೆಡದೆ ಈ ಕೆಲಸ ಯಾರಿಗೂ ಬಂದಿಲ್ಲ. ಆ ಬಟ್ಟೆಯ ವೆಚ್ಚವನ್ನು ಶಿಕ್ಷಣದ ವೆಚ್ಚದಲ್ಲಿಯೇ ಎಣಿಸತಕ್ಕದ್ದು. ಇನ್ನು ಯಂತ್ರಗಳ ವಿಷಯ. ಒಂದು ಯಂತ್ರಕ್ಕೆ ಮೂವರು ಕುಳಿತರೆ ಮೂರನೆಯವಳು ಕಲಿಯುವುದು ಕಾದು ಕೂರುವುದನ್ನು ಮಾತ್ರ.

ನೇಯ್ಗೆಯು ಇದಕ್ಕಿಂತ ನಿಧಾನವಾದುದು. ಲಾಳಿ ಓಡುವುದಕ್ಕೆ ಮೊದಲೇ ಕಂಡಿಕೆ ಸುತ್ತಬೇಕು, ಹಾಸನ್ನು ಹೂಡಬೇಕು, ಎಳೆಯೆಳೆಯನ್ನೂ ಹಣಿಗೆಯಲ್ಲಿ ತೂರಿಸಬೇಕು, ಕಡಿದ ಎಳೆಯನ್ನು ಹುಡುಕಿ ಗಂಟು ಹಾಕಬೇಕು. ಇದು ನೇಕಾರರ ಕುಲದವರಿಗೆ ಮಾತ್ರ ಬರುವ ವಿದ್ಯೆಯೆಂಬ ಭಾವನೆ ಮಾತ್ರ ಸರಿಯಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ, ಭೀಮನಕೋಣೆಯಲ್ಲಿ, ರಂಗನಿರ್ದೇಶಕ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ, ಮಗ್ಗದ ಪರಿಚಯವೇ ಇಲ್ಲದಿದ್ದ ಹಳ್ಳಿಯ ಹೆಂಗಸರು ನೇಯ್ಗೆಯನ್ನು ಕಲಿತರು; ಅಡಿಕೆಯ ಚೊಗರಿನಿಂದ ಬಣ್ಣ ಕಟ್ಟುವುದನ್ನೂ ಕಲಿತರು. ಆದರೆ ಅಲ್ಲಿ ಬಟ್ಟೆಯನ್ನು ಮಾರಲು ‘ದೇಸಿ’ ಅಂಗಡಿಗಳ ಏರ್ಪಾಡು ಬೆನ್ನಿಗಿತ್ತು. ಮಗ್ಗವನ್ನು ಕೊಟ್ಟು ನೂಲನ್ನೂ ಗಿರಾಕಿಯನ್ನೂ ಒದಗಿಸದಿರುವುದು ಎತ್ತನ್ನು ಕೊಟ್ಟು ಮೇವನ್ನು ಮರೆತಂತೆ. ವಿದ್ಯುತ್ ಮಗ್ಗದ ಅಗ್ಗದ ಬಟ್ಟೆ ಸಂತೆಗೆ ಬರುತ್ತಿರುವಾಗ, ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಲಿಗೆಯಿಂದಲೇ ಆರಂಭಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಊರಿನಲ್ಲಿಯೇ ರವಿಕೆಗೂ ಶಾಲೆಯ ಸಮವಸ್ತ್ರಕ್ಕೂ ಗಿರಾಕಿಗಳಿರುವರು.

ಹೀಗೆ ಆರಂಭಿಸುವ ಗ್ರಾಮದಲ್ಲಿ ಮುಖಂಡರು ಪುಷ್ಯಮಾಸದೊಳಗಾಗಿ ಕಲಿಯತಕ್ಕವರ ಹೆಸರುಗಳನ್ನು ಗೊತ್ತುಮಾಡಿ, ಹಾಸನದ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಿ, ಮಾಘ ಫಾಲ್ಗುಣಗಳಿಗೆ ತರಗತಿಯನ್ನು ನಿಶ್ಚಯಿಸಿಕೊಳ್ಳಬಹುದು. ಊರಿನಲ್ಲಿಯೇ ಅಭ್ಯಾಸವನ್ನು ಮುಂದುವರಿಸಲು ಚೆನ್ನಾಗಿ ಬೆಳಕು ಬೀಳುವ ಒಂದು ಕೊಠಡಿ ಬೇಕು. ಭೂಮಾಲೀಕರ ಮನೆಯ ಜಗಲಿಯಾದರೂ ಸಾಕು. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ದರ್ಜಿಯ ಕಸಬೂ ಸೇರಿದ್ದು, ಉಪಕರಣಗಳಿಗೆ 15,000 ರೂಪಾಯಿಗಳವರೆಗೆ ನೆರವು ಗೊತ್ತಾಗಿತ್ತು. ಅದು ದೊರೆಯದವರಿಗೆ ಸ್ತ್ರೀಶಕ್ತಿ ಸಂಘಗಳಿಂದ ಸಾಲ ಕೊಡಿಸಬಹುದು. ಯಾವ ದಾರಿಯಿಂದ ಬಂದರೂ ಯಂತ್ರವು ಕಲಿತವಳ ಹೆಸರಿನಲ್ಲಿಯೇ ಇರತಕ್ಕದ್ದು. ಗಂಡನ ಸಾಲಕ್ಕಾಗಲಿ ಮಾವನ ಸಾಲಕ್ಕಾಗಲಿ ಅದನ್ನು ಅಡವಿಡದಂತೆ ಊರಿನ ಹಿರಿಯರು ನೋಡಿಕೊಳ್ಳಬೇಕು.