ಹಾವಿಗೆ ಕಿವಿ ಬಂದುದೇಕೆ?

ಚಾಮರಾಜನಗರ ಗುಂಡ್ಲುಪೇಟೆಗಳ ಸೀಮೆಯಲ್ಲಿ ಹಳ್ಳಿಯ ಅಶ್ವತ್ಥಕಟ್ಟೆಯ ಬಳಿಗೆ ಹೋದರೆ ನಾಗರಕಲ್ಲುಗಳು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಕೆಲವು ಕಲ್ಲುಗಳಲ್ಲಿ ಒಂದೇ ಸರ್ಪ. ಅದಕ್ಕೆ ಐದೋ ಏಳೋ ಹೆಡೆ. ಕೆಲವುಗಳಲ್ಲಿ ಎರಡು ಸರ್ಪಗಳು ಹುರಿಹಗ್ಗದಂತೆ ಹೆಣೆದುಕೊಂಡು, ಮೇಲೆ ಹೆಡೆಗಳನ್ನು ಎದುರುಬದುರಾಗಿ ಎತ್ತಿವೆ. ಇನ್ನು ಕೆಲವುಗಳಲ್ಲಿ ಸೊಂಟದ ಮೇಲೆ ಹೆಂಗಸಿನ ರೂಪ, ಕೆಳಗೆ ಹಾವಿನ ಬಾಲ. ಅರಿಸಿನ, ಕುಂಕುಮ, ಎಣ್ಣೆಗಳ ಪದರದ ಕೆಳಗೆ ಕಲ್ಲಿನ ಬಣ್ಣವೇ ಮರೆಯಾಗಿರುವುದೂ ಉಂಟು. ಇವುಗಳನ್ನು ದಿನವೂ ನೋಡುವ ನಮ್ಮ ತರುಣ ವಾಚಕರು ಒಂದು ಪ್ರಶ್ನೆಯನ್ನು ಕೇಳಿಕೊಂಡಿರಲಾರರು: ಶಿಲ್ಪಿಯು ಕಡೆದ ಹಾವಿಗೂ ಹೊಲದ ಬದುವಿನಲ್ಲಿ ಹರಿಯುವ ಹಾವಿಗೂ ಏಕಿಷ್ಟು ಅಂತರ?

ಜೀವಶಾಸ್ತ್ರದ ಪ್ರಕಾರ ನಾಗರಹಾವಿಗೆ ಹೆಡೆ ಒಂದೇ. ಕುತ್ತಿಗೆಯ ಪಕ್ಕೆಲುಬುಗಳನ್ನು ಅಗಲಿಸಿದಾಗ ಚರ್ಮವು ಹರಡಿ ಉಂಟಾಗುವ ಆಕಾರವೇ ಹೆಡೆ. ಯಾವ ಹಾವಿಗೂ ಹೊರಕಿವಿಯಿಲ್ಲ, ಕೂದಲಿಲ್ಲ. ನೆಲದ ಕಂಪನವು ಕೆಳದವಡೆಯ ಮೂಲಕ ಒಳಕಿವಿಗೆ ಮುಟ್ಟುವುದರಿಂದ ಹಾವು ಅದನ್ನು ಅರಿಯುತ್ತದೆ. ಶಿಲ್ಪಿಗಳು ಇದನ್ನೆಲ್ಲ ಕಾಣದವರಲ್ಲ. ಕಂಡೂ ಬೇರೆಯಾಗಿ ಕಡೆದರು. ಪ್ರಾಣಿಯಲ್ಲಿ ಇಲ್ಲದುದನ್ನು ಕಲ್ಲಿನಲ್ಲಿ ಸೇರಿಸಿದಾಗ, ಆ ಸೇರಿಕೆಯೇ ಜನರಿಗೆ ಆ ಸರ್ಪದಿಂದ ಬೇಕಾದುದೇನು ಎಂಬುದಕ್ಕೆ ಸುಳಿವಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಆದರೆ ನಮ್ಮ ಕಟ್ಟೆಯ ಕಲ್ಲುಗಳ ಮೇಲೆ ಸಾಮಾನ್ಯವಾಗಿ ಬರಹವಿರುವುದಿಲ್ಲ. ಆದ್ದರಿಂದ ಮೊದಲು ಲಿಖಿತ ಸಾಕ್ಷ್ಯವುಳ್ಳ ಸರ್ಪವೊಂದನ್ನು ನೋಡೋಣ. ಅದಕ್ಕಾಗಿ ಕಪ್ಪುಸಮುದ್ರದ ದಂಡೆಯವರೆಗೆ ಹೋಗಬೇಕಾಗಿದೆ.

ರುಮೇನಿಯ ದೇಶದ ಕಾನ್‌ಸ್ಟಾಂಟ ಎಂಬ ಬಂದರು ರೋಮನರ ಕಾಲದಲ್ಲಿ ಟೋಮಿಸ್ ಎನಿಸಿಕೊಂಡಿತ್ತು. 1962ರಲ್ಲಿ ಅಲ್ಲಿಯ ಹಳೆಯ ರೈಲು ನಿಲ್ದಾಣದ ಜಾಗದಲ್ಲಿ ನೆಲ ಅಗೆಯುತ್ತಿದ್ದಾಗ ಒಂದೇ ಗುಂಡಿಯಲ್ಲಿ 24 ಶಿಲ್ಪಗಳು ದೊರೆತುವು. ಪ್ರಾಚೀನ ಕಾಲದಲ್ಲಿಯೇ ಯಾರೋ ಅವನ್ನು ಒಟ್ಟಾಗಿ ಹೂತಿಟ್ಟಿದ್ದರು. ಅವುಗಳಲ್ಲೊಂದು ಅಮೃತಶಿಲೆಯ ಸರ್ಪ. ಎತ್ತರ 66 ಸೆಂಟಿಮೀಟರು ಮಾತ್ರ. ಸುರುಳಿಗಳನ್ನು ಬಿಡಿಸಿ ಅಳೆದರೆ ಮೈಯ ಉದ್ದ ಸುಮಾರು ನಾಲ್ಕೂಮುಕ್ಕಾಲು ಮೀಟರು! ಇಷ್ಟನ್ನೂ ಒಂದೇ ಬಂಡೆಯಿಂದ ಬಿಡಿಸಿ ತೆಗೆದಿದ್ದಾರೆ. ಮುಖವು ಕುರಿಯನ್ನೋ ಜಿಂಕೆಯನ್ನೋ ಹೋಲುವುದು. ಇಳಿಬಿದ್ದ ಕೂದಲು ಮತ್ತು ಕಿವಿಗಳು ಮನುಷ್ಯನವು. ಬಾಲದ ತುದಿ ಸಿಂಹದ್ದು. ಈ ವಿಗ್ರಹವು ಈಗ ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿದೆ.

ಇದು ಗ್ಲೈಕಾನ್ ಎಂಬ ದೇವತೆಯೆಂದು ತಿಳಿದದ್ದು ಹೇಗೆ? ಇಬ್ಬರು ಸಾಕ್ಷಿಗಳಿಂದ. ಒಂದು, ನಾಣ್ಯ. ಕಪ್ಪುಸಮುದ್ರದ ದಕ್ಷಿಣ ತೀರದಲ್ಲಿ, ಇಂದಿನ ತುರ್ಕಿಯಲ್ಲಿ, ಅಬೊನೊಟೈಖಸ್ ಎಂಬ ಪಟ್ಟಣವಿತ್ತು. ಕ್ರಿ.ಶ. 138ರಿಂದ 161ರವರೆಗೆ ಆಳಿದ ಆಂಟೊನೈನಸ್ ಪಯಸ್ ಚಕ್ರವರ್ತಿಯ ಕಾಲದಿಂದ ಅಲ್ಲಿಯ ನಾಣ್ಯಗಳಲ್ಲಿ ಸುರುಳಿಸುತ್ತಿದ ಸರ್ಪವೂ ಗ್ಲೈಕಾನ್ ಎಂಬ ಹೆಸರೂ ಕಾಣುತ್ತವೆ. ಇನ್ನೊಬ್ಬ ಸಾಕ್ಷಿ ಲೂಸಿಯನ್ ಎಂಬ ಗ್ರೀಕ್ ಲೇಖಕ. ಇವನು ಆ ಪಂಥದ ಭಕ್ತನಲ್ಲ, ಬದ್ಧವೈರಿ.

ಲೂಸಿಯನ್ ಹೇಳುವ ಕಥೆ ಹೀಗಿದೆ. ಅಲೆಕ್ಸಾಂಡರ್ ಎಂಬೊಬ್ಬನು ಮ್ಯಾಸಿಡೋನಿಯದಿಂದ ಸಾಧುವಾದ ದೊಡ್ಡ ಹಾವೊಂದನ್ನು ಕೊಂಡು ತಂದನು. ಬಳಿಕ ಬಾತಿನ ಮೊಟ್ಟೆಯೊಂದನ್ನು ಬರಿದುಮಾಡಿ, ಒಳಗೆ ಮರಿಹಾವನ್ನಿಟ್ಟು, ಮೇಣದಿಂದ ಮುಚ್ಚಿ, ಕಟ್ಟುತ್ತಿದ್ದ ದೇವಾಲಯದ ಪಾಯದ ಕೆಸರಿನಲ್ಲಿ ಅಡಗಿಸಿದನು. ಮರುದಿನ ಜನರೆದುರಿಗೆ ಆ ಮೊಟ್ಟೆಯನ್ನೆತ್ತಿ ಒಡೆದು, ದೇವರು ಹುಟ್ಟಿದನೆಂದು ಸಾರಿದನು. ಕೆಲವು ದಿನಗಳಲ್ಲಿಯೇ, ಮಬ್ಬುಬೆಳಕಿನ ಕೋಣೆಯಲ್ಲಿ, ದೊಡ್ಡ ಹಾವನ್ನು ಕೊರಳಿಗೆ ಸುತ್ತಿಕೊಂಡು ಕುಳಿತನು. ಹಾವಿನ ನಿಜವಾದ ತಲೆ ಅವನ ಕಂಕುಳಲ್ಲಿ. ಹೊರಗೆ ಕಾಣುತ್ತಿದ್ದುದು ಬಣ್ಣ ಬಳಿದ ನಾರುಬಟ್ಟೆಯ ತಲೆ, ಅದಕ್ಕೆ ಮನುಷ್ಯನ ಛಾಯೆಯ ಮುಖ. ಕುದುರೆಯ ಕೂದಲನ್ನು ಎಳೆದರೆ ಬಾಯಿ ತೆರೆಯುವುದು, ಬಿಟ್ಟರೆ ಮುಚ್ಚುವುದು. ಕೊಕ್ಕರೆ ಜಾತಿಯ ಹಕ್ಕಿಗಳ ಶ್ವಾಸನಾಳಗಳನ್ನು ಒಂದಕ್ಕೊಂದು ಜೋಡಿಸಿ ತಲೆಯೊಳಕ್ಕೆ ಹಾಯಿಸಿ, ಹೊರಗಿನಿಂದ ಒಬ್ಬನು ಮಾತನಾಡಿದರೆ ದೇವರೇ ನುಡಿದಂತಾಗುತ್ತಿತ್ತು. ಜನರು ಪ್ರಶ್ನೆಗಳನ್ನು ಬರೆದು ಮುದ್ರೆಯೊತ್ತಿ ಕೊಡುತ್ತಿದ್ದರು; ಕಾಯಿಸಿದ ಸೂಜಿಯಿಂದ ಮೇಣವನ್ನು ಬಿಡಿಸಿ ಓದಿ, ಮತ್ತೆ ಮೊದಲಿನಂತೆ ಅಂಟಿಸುವುದು ಅಲೆಕ್ಸಾಂಡರನ ಕೈಚಳಕ. ಪ್ರಶ್ನೆಯೊಂದಕ್ಕೆ ಒಂದು ಡ್ರಾಕ್ಮ, ಎರಡು ಒಬಾಲ್ ದಕ್ಷಿಣೆ.

ವೈರಿಯ ಮಾತನ್ನು ಪೂರ್ತಿಯಾಗಿ ನಂಬಲಾಗದು, ನಿಜ. ಆದರೆ ನಾಣ್ಯವು ಲೂಸಿಯನ್ನನನ್ನು ಕೇಳಿ ಅಚ್ಚಾದುದಲ್ಲ. ಟೋಮಿಸ್ಸಿನ ಶಿಲ್ಪಿಯೂ ಅವನನ್ನು ಮೆಚ್ಚಿಸಲು ಉಳಿ ಹಿಡಿದವನಲ್ಲ. ಮೂರೂ ಬೇರೆ ಬೇರೆಯಾಗಿ ಒಂದೇ ರೂಪವನ್ನು ಹೇಳುತ್ತಿರುವಾಗ ಗುರುತು ದೃಢವಾಗುತ್ತದೆ. ಕಿವಿಯ ಅರ್ಥವೂ ಆಗ ತಿಳಿಯಾಗುವುದು. ಪ್ರಶ್ನೆಯನ್ನು ಕೇಳಿ ಉತ್ತರ ನುಡಿಯಬೇಕಾದ ದೇವರು ಕಿವಿಯಿಲ್ಲದೆ ಇರುವುದು ಹೇಗೆ?

ಅದೇ ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿಯು ತನ್ನ ಭೂಗೋಳ ಗ್ರಂಥದಲ್ಲಿ ನಮ್ಮ ಬನವಾಸಿಯ ಹೆಸರನ್ನು ಬರೆದಿಟ್ಟನು. ಆ ಬನವಾಸಿಯಲ್ಲಿಯೂ ಸುಮಾರು ಅದೇ ಕಾಲಮಾನದ ಒಂದು ಕಲ್ಲಿನ ನಾಗನಿದ್ದಾನೆ. ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ಈ ಚಪ್ಪಡಿಯಲ್ಲಿ ಐದು ಹೆಡೆಯ ಸರ್ಪವಿದ್ದು, ಪಕ್ಕದಲ್ಲಿ ಪ್ರಾಕೃತ ಭಾಷೆಯ, ಬ್ರಾಹ್ಮೀ ಲಿಪಿಯ ಶಾಸನವಿದೆ. ವಿಣ್ಹುಕಡ ಚುಟುಕುಲಾನಂದ ಸಾತಕರ್ಣಿ ಎಂಬ ಅರಸನ 12ನೆಯ ಆಳ್ವಿಕೆಯ ವರ್ಷದಲ್ಲಿ ರಾಜಪುತ್ರಿಯಾದ ಮಹಾಭೋಜಿಯೊಬ್ಬಳು ನಾಗನನ್ನೂ ಕೆರೆಯನ್ನೂ ವಿಹಾರವನ್ನೂ ದಾನಮಾಡಿದಳೆಂದು ಅದು ತಿಳಿಸುವುದು. ಅಷ್ಟೇ ಅಲ್ಲ, ಇದಮೋರಕನೆಂಬ ಆಚಾರ್ಯನ ಶಿಷ್ಯ ನಟಕನು ಈ ನಾಗನನ್ನು ಮಾಡಿದನೆಂದು ಶಿಲ್ಪಿಯ ಹೆಸರೂ ಅದರಲ್ಲಿದೆ. ಟೋಮಿಸ್ಸಿನ ಅಮೃತಶಿಲೆಯನ್ನು ಕಡೆದ ಕೈ ಯಾರದೋ ನಮಗೆ ತಿಳಿಯದು. ಬನವಾಸಿಯ ಕೈಗೆ ಹೆಸರಿದೆ, ಗುರುವೂ ಇದ್ದಾನೆ.

ಇಲ್ಲಿ ಶಿಲ್ಪಿಯು ಸೇರಿಸಿದ್ದು ಕಿವಿಯನ್ನಲ್ಲ, ಹೆಡೆಗಳನ್ನು. ನಾಗನ ಜೊತೆಗೆ ಕೊಟ್ಟದ್ದು ಕೆರೆ ಎಂಬುದನ್ನು ಗಮನಿಸಬೇಕು. ಭಾರತದಲ್ಲಿ ನಾಗನು ನೀರಿನ ಕಾವಲುಗಾರನೆಂಬ ನಂಬಿಕೆ ಬಹು ಹಳೆಯದು. ಕಾವಲಿಗೆ ಬೇಕಾದುದು ಮಾತಲ್ಲ, ಎತ್ತಿ ಹರಡಿದ ಹೆಡೆ. ಶಾಸನವಿಲ್ಲದಿದ್ದರೆ ಕೆರೆಯ ಸಂಬಂಧ ನಮಗೆ ಹೊಳೆಯುತ್ತಲೇ ಇರಲಿಲ್ಲವೇನೋ.

ಕಲ್ಲಿನ ಗುಣವನ್ನೂ ಮರೆಯಬಾರದು. ಅಮೃತಶಿಲೆಯಲ್ಲಿರುವುದು ಕ್ಯಾಲ್ಸೈಟ್, ಕಾಠಿಣ್ಯದ ಮೋಸ್ ಮಾನದಲ್ಲಿ ಅದರ ಸ್ಥಾನ 3. ಆದ್ದರಿಂದ ಸುರುಳಿಗಳ ನಡುವೆ ಉಳಿ ಹಾಯಿಸಿ ಮೈಯನ್ನು ಬಿಡಿಸುವುದು ಸಾಧ್ಯ. ಚಾಮರಾಜನಗರದ ಗಣಿಗಳಿಂದ ಪರದೇಶಗಳಿಗೂ ಹೋಗುವ ಕರಿಕಲ್ಲಿನ ಖನಿಜಗಳ ಕಾಠಿಣ್ಯ ಸುಮಾರು 6. ಉಕ್ಕಿನ ಉಳಿಯೇ ಬೇಗ ಮೊಂಡಾಗುವುದು. ಇಂತಹ ಗಡಸು ಕಲ್ಲಿನಲ್ಲಿ ಚಪ್ಪಡಿಯ ಮುಖದ ಮೇಲೆ ಉಬ್ಬುಚಿತ್ರ ತೆಗೆಯುವುದೇ ಸುಲಭ.

ಇನ್ನು ಹೆಣೆದುಕೊಂಡ ಜೋಡಿಯ ವಿಷಯ. ಹಾವುಗಳು ಎಣೆಯಾಡುವುದನ್ನು ಹಳ್ಳಿಯವರು ಬಲ್ಲರು. ಕೇರೆಹಾವುಗಳಲ್ಲಿ ಮೈಗೆ ಮೈ ಸುತ್ತಿ ತಲೆಯೆತ್ತಿ ನಿಲ್ಲುವ ಜೋಡಿಯು ಅನೇಕ ವೇಳೆ ಗಂಡುಹೆಣ್ಣಲ್ಲ. ಹೆಣ್ಣಿಗಾಗಿ ಬಲಪರೀಕ್ಷೆ ನಡೆಸುವ ಎರಡು ಗಂಡುಗಳೆಂದು ಪ್ರಾಣಿಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆದರೆ ಸಂತಾನವನ್ನು ಬೇಡಿ ನಾಗಪ್ರತಿಷ್ಠೆ ಮಾಡಿಸಿದ ದಂಪತಿಗಳಿಗೆ ಆ ನೋಟ ದಾಂಪತ್ಯವಾಗಿಯೇ ತೋರಿತು. ಕಲ್ಲಿನಲ್ಲಿ ಉಳಿದದ್ದೂ ಅದೇ.

ಬರಹವಿಲ್ಲದ ಇಂತಹ ಕಲ್ಲಿಗೆ ಅದು ನಿಂತ ಜಾಗವೇ ಶಾಸನ. ಕಟ್ಟೆಯನ್ನು ಹೊಸದಾಗಿ ಕಟ್ಟುವಾಗಲೋ ರಸ್ತೆಯನ್ನು ಅಗಲಮಾಡುವಾಗಲೋ ಹಳೆಯ ಕಲ್ಲುಗಳನ್ನು ಒಂದು ಮೂಲೆಗೆ ಒರಗಿಸಿಬಿಟ್ಟರೆ ಆ ಶಾಸನ ಅಳಿಸಿದಂತೆಯೇ. ಊರಿನ ವಿದ್ಯಾರ್ಥಿಗಳು ಮನಸ್ಸು ಮಾಡಿದರೆ ಒಂದು ಭಾನುವಾರದಲ್ಲಿ ಅದನ್ನು ಬರೆದಿಡಬಹುದು. ಕಲ್ಲನ್ನು ಕದಲಿಸದೆ, ಉಜ್ಜದೆ, ಅದರ ಎತ್ತರ, ಹೆಡೆಗಳ ಸಂಖ್ಯೆ, ಮುಖದ ದಿಕ್ಕು, ಪಕ್ಕದ ಮರ, ಕೆರೆ ಬಾವಿಗಳ ದೂರ ಇವನ್ನು ಗುರುತು ಮಾಡಿಕೊಂಡು, ಯಾರು ಯಾವಾಗ ಏಕೆ ನಿಲ್ಲಿಸಿದರೆಂದು ಊರಿನ ಹಿರಿಯರನ್ನು ಕೇಳಬೇಕು. ಕಲ್ಲಿನ ಹಿಂಬದಿಯನ್ನೂ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು. ಅರಿಸಿನ ಕುಂಕುಮಗಳು ಅಲ್ಲಿಗೆ ಮುಟ್ಟುವುದು ಕಡಮೆಯಾದ್ದರಿಂದ ಉಳಿಯ ಗುರುತುಗಳು ಅಲ್ಲಿ ನಿಚ್ಚಳವಾಗಿ ಕಾಣುತ್ತವೆ.